ಹಿಂದಿನವರ ಹೆಜ್ಜೆ ಸಪ್ಪಳ

ಲಚ್ಯಾಣ
9 ಜೂನ್ 2024

ದಾನವ್ವ,

ನಾವು ಕ್ಷೇಮ, ನೀವು ಕ್ಷೇಮವೇ ಎಂದು ಮೊದಲು ಬರೆಯಬೇಕು. ಬರೆದಿದ್ದೇನೆ ಎಂದು ತಿಳಿದುಕೋ.

ಮೊನ್ನೆ ನೀನು ಫೋನು ಮಾಡಿದಾಗ ನಮ್ಮ ಅತ್ತೆ ಶೆಟ್ಟೆವ್ವ ಪಕ್ಕದಲ್ಲೇ ಕುಳಿತಿದ್ದಳು, ಅದಕ್ಕೆ ಹೂಂ ಹೂಂ ಎಂದೆ. ಅದನ್ನು ಒಪ್ಪಿಗೆ ಎಂದು ತಿಳಿಯಬೇಡ. ಸಂಡೂರಿನ ಗುಡ್ಡದ ಓಟಕ್ಕೆ ಈ ಸಲ ಇಬ್ಬರೂ ಜೋಡಿಯಾಗಿ ಹೆಸರು ಕೊಡೋಣ, ಐವತ್ತು ಕಿಲೋಮೀಟರು, ಇಬ್ಬರೂ ಕೂಡಿಯೇ ಗೆರೆ ದಾಟಬೇಕು ಎಂದು ಹೇಳಿದಿ. ನೀನು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಆಟದ ಟೀಚರು. ನಾನು ಲಿಂಬಿ ತೋಟದಲ್ಲಿ ಹಣ್ಣು ಹರಿಯುವವಳು. ಅಲ್ಲಿ ನಿನಗೆ ನನಗಿಂತ ಚಲೋ ಓಡುವವರು ಯಾರೂ ಸಿಗಲಿಲ್ಲವೇ? ಇದೊಂದು ನನ್ನ ತಲೆಯಲ್ಲಿ ಕುಳಿತುಬಿಟ್ಟಿದೆ.

ಇನ್ನೊಂದು ಹೋದ ವರ್ಷದ ಸಂಡೂರಿನ ಓಟದ್ದು. ಅದು ಒಬ್ಬೊಬ್ಬರೇ ಓಡುವ ಓಟ, ಖರೆ. ಆದರೂ ನಾವು ಕೂಡಿ ಹೊರಟಿದ್ದೆವು. ಶ್ರೀಶೈಲದ ಪಾದಯಾತ್ರೆಗೆ ನಾನು ಒಂಬತ್ತು ಸಲ ಹೋಗಿದ್ದೇನೆ, ನೀನೂ ಮೂರು ಸಲ ನಮ್ಮ ಜೊತೆ ನಡೆದಿದ್ದೀ. ನಮ್ಮ ರೂಢಿ ನಿನಗೆ ಗೊತ್ತು. ನಿಧಾನದವರು ಮುಂದೆ, ಜೋರಿನವರು ಹಿಂದೆ. ಜೊತೆಯವರು ಕಾಣದಿದ್ದರೆ ಇದ್ದಲ್ಲೇ ಕೂಡಬೇಕು, ಅವರು ಬರುವವರೆಗೆ ಏಳಬಾರದು. ಹಾಗೆಂದೇ ನೀನು ನನ್ನನ್ನು ಮುಂದೆ ಬಿಟ್ಟಿದ್ದಿ. ಇಪ್ಪತ್ತೇಳನೆಯ ಕಿಲೋಮೀಟರಿನಲ್ಲಿ ದಾರಿ ಎರಡಾಗುತ್ತದಲ್ಲ, ಒಂದು ಬಂಡೆಯ ಮೇಲಿಂದ, ಒಂದು ಬಂಡೆಯ ಕೆಳಗಿಂದ, ಅಲ್ಲಿ ಹೊರಳಿ ನೋಡಿದರೆ ನೀನಿಲ್ಲ. ಬಂಡೆಯ ಮೇಲೆ ಕುಳಿತೆ. ಬಂದ ದಾರಿಯನ್ನೇ ನೋಡುತ್ತ ಒಂದೂವರೆ ತಾಸು ಕುಳಿತೆ. ಓಡುವವರೆಲ್ಲ ಮುಗಿದ ಮೇಲೆ ಜೀಪು ಬಂತು, ಟೈಮು ಮುಗಿಯಿತು ಎಂದು ಹತ್ತಿಸಿಕೊಂಡರು. ಇಳಿದು ನೋಡಿದರೆ ನೀನು ಕೊರಳಲ್ಲಿ ಪದಕ ಹಾಕಿಕೊಂಡು ಅವಲಕ್ಕಿ ತಿನ್ನುತ್ತಿದ್ದಿ. “ನೀ ಮುಂದ ಹೋಗೀದಿ ಅಂತ ತಿಳಿದಿದ್ನೆಲ್ಲ ಗುಂಡಿ” ಎಂದಿ.

ಅಂದಿನಿಂದ ಊರಲ್ಲಿ ನಾನು ಜೀಪಿನ ಗುಂಡವ್ವ. ನೀರಿನ ಟಾಕಿಯ ಹತ್ತಿರ ಹೆಂಗಸರು ಜಾಗ ಬಿಟ್ಟುಕೊಡುತ್ತಾರೆ, “ಸರೀರಿ, ಜೀಪ್ ಬಂತು” ಎಂದು.

ಆ ಜೀಪಿನವನು ಒಂದು ಮಾತು ಹೇಳಿದ, ನಿನಗೆ ಈವರೆಗೆ ಹೇಳಿರಲಿಲ್ಲ. ಬಂಡೆಯ ಮೇಲಿಂದ ಕೆಳಗಿನ ದಾರಿ ಕಾಣುತ್ತದಂತೆ. ನಾನು ಕೆಳಗೆ ನೋಡಲಿಲ್ಲ, ಅದು ನನ್ನ ತಪ್ಪು. ಆದರೆ ಕೆಳಗಿನ ದಾರಿಯಿಂದ ಬಂಡೆ ಕಾಣುತ್ತದೋ ಇಲ್ಲವೋ? ಇದಕ್ಕೆ ಉತ್ತರ ಕೊಡು, ಆಮೇಲೆ ಜೋಡಿಯ ಮಾತು.

ಫೋನು ಬೇಡ. ಮನೆಗೆ ಒಂದೇ ಫೋನು, ಅದರಲ್ಲಿ ಆಡಿದ ಮಾತು ಎಲ್ಲರ ಕಿವಿಗೂ ಬೀಳುತ್ತದೆ. ಬರೆದದ್ದನ್ನು ನಾಳೆ ಇಲ್ಲ ಎನ್ನಲು ಬರುವುದಿಲ್ಲ. ಸಾಲೆಯನ್ನು ಏಳನೆಯ ಇಯತ್ತೆಯಲ್ಲಿ ಅರ್ಧಕ್ಕೇ ಬಿಟ್ಟವಳು ನಾನು, ಒತ್ತಕ್ಷರ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ತಿರುಗಿ ಕಳಿಸಬೇಡ.

ಗುಂಡವ್ವ


ಮುದ್ದೇಬಿಹಾಳ
20 ಜೂನ್ 2024

ಪ್ರೀತಿಯ ಗುಂಡಿ,

ಪತ್ರ ಓದಿ ನಕ್ಕೆ. ಒಂದು ವರ್ಷ ಇದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆಯಾ? ಅಲ್ಲಿ ನಾನು ಬೂಟಿನ ದಾರ ಕಟ್ಟಲು ನಿಂತೆ, ತಲೆ ಎತ್ತಿದಾಗ ನೀನು ಕಾಣಲಿಲ್ಲ, ಕೆಳಗಿನ ದಾರಿ ಹಿಡಿದೆ. ಅಂದೇ ಹೇಳಿದ್ದೇನೆ. ಎರಡೂ ದಾರಿ ಮುಂದೆ ಒಂದೇ ಆಗುತ್ತವೆ, ಯಾವುದರಲ್ಲಿ ಹೋದರೂ ನಡೆಯುತ್ತದೆ.

ನೀನೇ ಏಕೆ ಎಂದರೆ, ಗುಡ್ಡ ಏರುವಾಗ ನಿನಗೆ ಉಸಿರು ಹತ್ತುವುದಿಲ್ಲ. ಶ್ರೀಶೈಲದ ದಾರಿಯ ಭೀಮನ ಕೊಳ್ಳವನ್ನು ಒಂಬತ್ತು ಸಲ ಹತ್ತಿದ ಕಾಲು ಬೇರೆ ಯಾರಿಗಿದೆ?

ಓಟ ಸೆಪ್ಟೆಂಬರ್ 22ಕ್ಕೆ, ಭಾನುವಾರ. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಸಮಯ. ಇಬ್ಬರಲ್ಲಿ ಒಬ್ಬರು ಬರದಿದ್ದರೆ ಇಬ್ಬರಿಗೂ ಪದಕವಿಲ್ಲ. ಹೀಗಿರುವಾಗ ನಿನ್ನನ್ನು ಬಿಟ್ಟು ಹೋಗಿ ನನಗೇನು ಸಿಗುತ್ತದೆ, ನೀನೇ ಹೇಳು. ಆಧಾರ್ ಕಾರ್ಡಿನ ಝೆರಾಕ್ಸ್, ಒಂದು ಫೋಟೋ, ರಕ್ತದ ಗುಂಪು ಬರೆದು ಕಳಿಸು. ನಿಮ್ಮ ಡಾಕ್ಟರರಿಂದ ಒಂದು ಸರ್ಟಿಫಿಕೇಟೂ ಬೇಕು.

ದಾನೇಶ್ವರಿ


ಲಚ್ಯಾಣ
3 ಜುಲೈ 2024

ದಾನವ್ವ,

ಕಾಗದ ಪತ್ರ ಎಲ್ಲ ಇದರೊಳಗಿವೆ. ಆಧಾರ್ ಝೆರಾಕ್ಸಿನ ಮೇಲೆ ‘ಸಂಡೂರ ಓಟಕ್ಕೆ ಮಾತ್ರ’ ಎಂದು ಬರೆದಿದ್ದೇನೆ, ಸಿಟ್ಟಾಗಬೇಡ. ಡಾಕ್ಟರರು ಎದೆಗೆ ಕೊಳವೆ ಇಟ್ಟು ನೋಡಿ, ಏನೂ ಇಲ್ಲ, ಸ್ವಲ್ಪ ಚಿಂತೆ ಜಾಸ್ತಿ ಎಂದರು. ಅದು ನನಗೂ ಗೊತ್ತಿತ್ತು.

ಬಂಡೆ ಕಾಣುತ್ತದೋ ಇಲ್ಲವೋ ಎಂಬುದಕ್ಕೆ ನೀನು ಉತ್ತರ ಬರೆದಿಲ್ಲ. ಪತ್ರ ಎರಡು ಸಲ ಓದಿದೆ. ಬೂಟಿನ ದಾರ ಇದೆ, ಭೀಮನ ಕೊಳ್ಳ ಇದೆ, ಬಂಡೆ ಇಲ್ಲ.

ಆದರೂ ಓಡಲು ಸುರು ಮಾಡಿದ್ದೇನೆ. ಬೆಳಿಗ್ಗೆ ಕಾಲುವೆಯ ಏರಿ ಹಿಡಿದು ಹೋಗುತ್ತೇನೆ, ಚೂಡಿದಾರದ ಪ್ಯಾಂಟು, ಮೇಲೆ ಇವರ ಹಳೆಯ ಬಿಳಿ ಅಂಗಿ. ಮೊದಲ ದಿನ ತಿರುಗಿ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದಳು. “ಯಾರು ಬೆನ್ನ ಹತ್ಯಾರಂತ ಹಿಂಗ ಓಡಾಕತ್ತೀ?” ಎಂದಳು. ನನ್ನ ಗಂಡ ಸೋಮನಿಂಗ ಟೆಂಪೋಕ್ಕೆ ಲಿಂಬಿ ಚೀಲ ಏರಿಸುತ್ತಿದ್ದವನು, “ಯಾರೂ ಹತ್ತಿಲ್ಲ ಯವ್ವಾ, ಅಕಿಗೆ ಹಂಗ ಅನಸ್ತೈತಿ” ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಓಡುವಾಗ ನಿಜವಾಗಿ ಹಾಗೇ ಅನ್ನಿಸುತ್ತದೆ, ಹಿಂದೆ ಯಾರೋ ಇದ್ದಾರೆ ಎಂದು. ನಿಂತು ನೋಡಿದರೆ ಯಾರೂ ಇರುವುದಿಲ್ಲ.

ಇನ್ನು ಮುಖ್ಯ ಮಾತು. ನಮ್ಮ ನಾದಿನಿ ಸುನಂದಾ ನಿಮ್ಮ ಊರಿಗೇ ಕೊಟ್ಟವಳು, ನಿಮ್ಮ ಸಾಲೆಯ ಬಯಲಿನ ಎದುರಿಗೇ ಅವಳ ಮನೆ. ಹೋದ ವಾರ ಬಂದಿದ್ದಳು. ನಾನು ಕೇಳಲಿಲ್ಲ, ಅವಳೇ ಹೇಳಿದಳು. ದಾನೇಶ್ವರಿ ಟೀಚರು ಈಗ ಓಡುವುದೇ ಇಲ್ಲವಂತೆ. ಪಲ್ಲವಿ ಎಂಬ ಹೊಸ ಟೀಚರು, ಹರೆಯದ ಹುಡುಗಿ, ದಿನಾ ಬೆಳಿಗ್ಗೆ ಬಯಲು ಸುತ್ತುತ್ತಾಳಂತೆ. ನೀನು ಕಟ್ಟೆಯ ಮೇಲೆ ಗಡಿಯಾರ ಹಿಡಿದು ಕುಳಿತಿರುತ್ತೀಯಂತೆ. ಐವತ್ತು ಕಿಲೋಮೀಟರು ಓಡುವವರು ಕಟ್ಟೆಯ ಮೇಲೆ ಯಾಕೆ ಕುಳಿತುಕೊಳ್ಳುತ್ತಾರೆ? ನನ್ನ ಹೆಸರಿನಲ್ಲಿ ಅವಳನ್ನು ಓಡಿಸುವ ವಿಚಾರ ಇದ್ದರೆ ಈಗಲೇ ಹೇಳು. ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ.

ಸಂಡೂರಿನಲ್ಲಿ ಕರಡಿ ಇವೆ ಎಂದು ಅತ್ತೆ ಹೇಳುತ್ತಾಳೆ. ಅದನ್ನೂ ಬರೆ.

ಗುಂಡವ್ವ


ಮುದ್ದೇಬಿಹಾಳ
14 ಜುಲೈ 2024

ಗುಂಡಿ,

ಕಾಗದ ಮುಟ್ಟಿದವು. ಪಲ್ಲವಿ ಜಿಲ್ಲಾ ಮಟ್ಟದ ಓಟಕ್ಕೆ ತಯಾರಿ ಮಾಡುತ್ತಿದ್ದಾಳೆ, ನಾನು ಸಮಯ ಹಿಡಿಯುತ್ತೇನೆ. ಅಷ್ಟೇ. ಸುನಂದಾ ನೋಡಿದ್ದು ಖರೆ, ಆದರೆ ಅವಳಿಗೆ ಕಂಡದ್ದೇ ಎಲ್ಲ ಅಲ್ಲ. ನನ್ನ ಓಟ ನಾನು ನೋಡಿಕೊಳ್ಳುತ್ತೇನೆ. ನೀನು ನಿನ್ನದು ಬಿಡಬೇಡ, ವಾರಕ್ಕೆ ಒಂದು ದಿನ ಇಪ್ಪತ್ತೈದು ಕಿಲೋಮೀಟರು ಆಗಲೇಬೇಕು.

ಕರಡಿ ಹಗಲು ಬರುವುದಿಲ್ಲ.

ಸಾಲೆಯಲ್ಲಿ ಕೆಲಸ ಬಹಳ. ಇಲ್ಲಿಗೆ ಮುಗಿಸುತ್ತೇನೆ. ಓಟದವರು ಒಂದು ಲಕೋಟೆ ಕಳಿಸುತ್ತಾರೆ, ಅದರಲ್ಲಿ ನಿನ್ನ ಸಹಿ ಬೇಕಾದ ಕಡೆ ಮಾಡಿ ತಿರುಗಿ ಹಾಕು.

ದಾನೇಶ್ವರಿ


ಲಚ್ಯಾಣ
28 ಜುಲೈ 2024

ದಾನೇಶ್ವರಿ ಟೀಚರಿಗೆ,

ಲಕೋಟೆ ಬಂತು. ಒಳಗೆ ಎಲ್ಲ ಇಂಗ್ಲೀಷು. ಸಹಿ ಮಾಡುವ ಮುಂಚೆ ಓದಿಸಿಕೊಳ್ಳುವವಳು ನಾನು, ಹೋದ ವರ್ಷ ಬುದ್ಧಿ ಬಂದಿದೆ. ಪಂಚಾಯಿತಿಯಲ್ಲಿ ಕಂಪ್ಯೂಟರ್ ನೋಡುವ ಪ್ರೇಮಕುಮಾರನ ಹತ್ತಿರ ಒಯ್ದೆ. ಅಲ್ಲಿ ಜನರ ಸಾಲು ಇತ್ತು. ಅವನು ನಿಂತಲ್ಲೇ ಮೇಲಿನ ಸಾಲು ಓದಿ ಹೇಳಿದ, “ಅಕ್ಕಾರ, ಇದು ಜೋಡೀನ ಬಿಟ್ಟು ಹೋಗಾಕ ಒಪ್ಪಿಗಿ ಪತ್ರರಿ. ಅವರ ಸಹಿ ಆಗೇತಿ, ನಿಮ್ಮದ ಬಾಕಿ.”

ಕೇಳಿ ಮನೆಗೆ ಬಂದು ಕುಳಿತೆ. ಇಬ್ಬರೂ ಕೂಡಿ ದಾಟದಿದ್ದರೆ ಇಬ್ಬರಿಗೂ ಇಲ್ಲ ಎಂದು ನೀನು ಬರೆದಿದ್ದೀ. ಆ ಪತ್ರ ನನ್ನ ಹತ್ತಿರ ಇದೆ, ಹಿಟ್ಟಿನ ಡಬ್ಬಿಯ ಕೆಳಗೆ. ಈಗ ಬಿಟ್ಟು ಹೋಗಲು ಒಪ್ಪಿಗೆ ಪತ್ರ, ಅದರ ಮೇಲೆ ನಿನ್ನ ಸಹಿ. ಹೋದ ವರ್ಷ ಕೇಳದೆ ಬಿಟ್ಟಿ. ಈ ವರ್ಷ ಸಹಿ ಮಾಡಿ ಬಿಡುವ ವಿಚಾರವೇ?

ಕೆಳಗಿನ ದಾರಿಯಿಂದ ಬಂಡೆ ಕಾಣುತ್ತದೋ ಇಲ್ಲವೋ? ಮೂರನೆಯ ಸಲ ಕೇಳುತ್ತಿದ್ದೇನೆ. ನಾಲ್ಕನೆಯ ಸಲ ಕೇಳುವುದಿಲ್ಲ.

ಸಹಿ ಮಾಡಿಲ್ಲ.

ಗುಂಡವ್ವ ಸೋಮನಿಂಗ


ಮುದ್ದೇಬಿಹಾಳ
4 ಆಗಸ್ಟ್ 2024

ಗುಂಡಿ,

ಪೂರ್ತಿ ಓದು, ನಡುವೆ ಹರಿಯಬೇಡ.

ಆ ಕಾಗದದ ಮೇಲಿನ ಸಾಲು ಪ್ರೇಮಕುಮಾರ ಓದಿದಂತೆಯೇ ಇದೆ. ಕೆಳಗಿನದನ್ನು ಅವನು ಓದಲಿಲ್ಲ. ಜೋಡಿಯಲ್ಲಿ ಒಬ್ಬರಿಗೆ ಮುಂದೆ ಹೋಗಲಾಗದೆ ಡಾಕ್ಟರರ ಹತ್ತಿರ ನಿಂತರೆ, ನಿಂತವರು ಮೊದಲೇ ಬರೆದುಕೊಟ್ಟಿದ್ದರೆ ಮಾತ್ರ, ಇನ್ನೊಬ್ಬರು ಒಬ್ಬರೇ ಹೋಗಿ ಪದಕ ತೆಗೆದುಕೊಳ್ಳಬಹುದು. ನಾನು ಬರೆದುಕೊಟ್ಟದ್ದು ನನ್ನನ್ನು ಬಿಟ್ಟು ನೀನು ಹೋಗಬಹುದು ಎಂದು. ನಿನ್ನ ಸಹಿ ಅದನ್ನು ಒಪ್ಪಿಕೊಳ್ಳಲು. ಇಬ್ಬರಿಗೂ ಇಲ್ಲ ಎಂದು ಜೂನಿನಲ್ಲಿ ಬರೆದಾಗ ಈ ನಿಯಮ ನನಗೇ ಗೊತ್ತಿರಲಿಲ್ಲ. ಗೊತ್ತಾದ ದಿನವೇ ಸಹಿ ಮಾಡಿದೆ.

ಏಕೆಂದರೆ ನನ್ನ ಬಲ ಮೊಣಕಾಲು ಕೆಟ್ಟಿದೆ. ಒಳಗೆ ಗಾದಿಯಂತೆ ಇರುವುದು ಸವೆದಿದೆ ಎಂದು ಬಿಜಾಪುರದ ಡಾಕ್ಟರರು ಮೇ ತಿಂಗಳಲ್ಲೇ ಹೇಳಿದರು. ಓಡಬೇಡಿ ಎನ್ನಲಿಲ್ಲ, ದಿನಾ ಓಡಬೇಡಿ ಎಂದರು. ಅದಕ್ಕೇ ಕಟ್ಟೆಯ ಮೇಲೆ ಕೂಡುವುದು. ವಾರಕ್ಕೆ ಎರಡು ದಿನ ಊರ ಹೊರಗೆ ಹೋಗಿ ಓಡುತ್ತೇನೆ, ಸುನಂದಾ ಕಾಣದ ಕಡೆ. ನಿನಗೆ ಹೇಳಿದ್ದರೆ ಬರುವುದಿಲ್ಲ ಎನ್ನುತ್ತಿದ್ದಿ. ಮುಂದಿನ ವರ್ಷ ಈ ಕಾಲು ಓಡುವುದಿಲ್ಲ, ಈ ವರ್ಷವೇ ಆಗಬೇಕು.

ನಿನ್ನ ಜೊತೆಯೇ ಯಾಕೆ ಎಂದು ಮೊದಲ ಪತ್ರದಲ್ಲೇ ಕೇಳಿದ್ದಿ.

ಕೆಳಗಿನ ದಾರಿಯಿಂದ ಬಂಡೆ ಕಾಣುತ್ತದೆ. ನೀನೂ ನನಗೆ ಕಂಡಿ. ನನ್ನ ಕಡೆ ಬೆನ್ನು ಮಾಡಿ ಕುಳಿತಿದ್ದಿ, ಸೋಮನಿಂಗಣ್ಣನ ಬಿಳಿ ಅಂಗಿ, ಪಕ್ಕದಲ್ಲಿ ನೀರಿನ ಬಾಟಲಿ. ಬಾಯಿ ತೆರೆದೆ, ಕರೆಯಲಿಲ್ಲ. ಗಡಿಯಾರ ನೋಡಿದೆ. ನೀನು ಇಳಿದು ಬಂದು ಇಬ್ಬರೂ ಕೂಡಿ ಹೊರಟರೆ ಸಮಯ ಮೀರುತ್ತದೆ ಎನ್ನಿಸಿತು. ನಮ್ಮ ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಸಾಲೆಯ ಮಕ್ಕಳೆದುರು “ಟೀಚರು ಮುಗಿಸೇ ಬರ್ತಾರ ನೋಡ್ರಿ” ಎಂದು ಹೇಳಿ ಕಳಿಸಿದ್ದರು. ದಣಿವಾರಿಸಿಕೊಂಡು ತಾನೇ ಬರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ನೀನು ರೂಢಿಯಂತೆ ಕುಳಿತಿದ್ದೀ ಎಂದು ನನಗೆ ಗೊತ್ತಿತ್ತು. ನಾನು ಬರುವವರೆಗೆ ಏಳುವುದಿಲ್ಲ ಎಂದೂ ಗೊತ್ತಿತ್ತು.

ಪದಕ ಸಾಲೆಯ ಕಪಾಟಿನಲ್ಲಿದೆ. ಒರೆಸಲು ಹೋದಾಗಲೆಲ್ಲ ನಿನ್ನ ಬೆನ್ನು ಕಾಣುತ್ತದೆ.

ಬರುವುದು ಬಿಡುವುದು ನಿನಗೆ ಸೇರಿದ್ದು.

ದಾನೇಶ್ವರಿ


ಲಚ್ಯಾಣ
19 ಆಗಸ್ಟ್ 2024

ದಾನವ್ವ,

ಹನ್ನೆರಡು ದಿನ ನಾನು ಓಡಲಿಲ್ಲ. ನನ್ನ ಸಂಶಯ ಖರೆ ಆಯಿತು ಎಂದು ಒಂದು ದಿನ ಬಹಳ ಖುಷಿಯಾಯಿತು. ಎರಡನೆಯ ದಿನಕ್ಕೆ ಆ ಖುಷಿ ಉಳಿಯಲಿಲ್ಲ. ಸಂಶಯ ಇರುವವರೆಗೆ, ಅದು ಸುಳ್ಳೂ ಆಗಿರಬಹುದು ಎಂಬ ಆಸೆಯೂ ಇರುತ್ತದೆ ನೋಡು. ಅದು ಹೋಯಿತು.

 ಐದನೆಯ ದಿನ ಅತ್ತೆ, “ಓಡಿದ್ರ ಬೈಯಾಕರ ಬರ್ತೈತಿ. ಹಿಂಗ ಕುಂತ್ರ ನಾ ಏನ ಅನ್ಲಿ?” ಎಂದಳು. ಅವಳಿಗೆ ಪತ್ರದ ವಿಷಯ ಹೇಳಿಲ್ಲ. ಯಾರಿಗೂ ಹೇಳಿಲ್ಲ.

ನಿನ್ನ ಮೊಣಕಾಲಿನ ಮಾತು ನಂಬುತ್ತೇನೆ. ಆದರೂ ಎಕ್ಸರೇ ಇದ್ದರೆ ಕಳಿಸು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಆ ಒಪ್ಪಿಗೆ ಪತ್ರ ಹರಿದು ಒಲೆಗೆ ಹಾಕಿದೆ. ಬಿಟ್ಟು ಹೋಗಿ ಪದಕ ತಂದರೆ ನನಗೂ ಒಂದು ಕಪಾಟು ಬೇಕಾಗುತ್ತದೆ, ನಮ್ಮ ಮನೆಯಲ್ಲಿ ಕಪಾಟು ಇಲ್ಲ. ಬರುತ್ತೇನೆ. ಒಂದೇ ಕರಾರು. ನಿಧಾನದವರು ಮುಂದೆ. ಈ ಸಲ ನಿಧಾನದವಳು ನೀನು, ಆದ್ದರಿಂದ ನೀನು ಮುಂದೆ, ನಾನು ಹಿಂದೆ. ಹಿಂದಿನವರು ಬಿಟ್ಟು ಹೋದರೆ ಮುಂದಿನವರಿಗೆ ಗೊತ್ತಾಗುವುದಿಲ್ಲ. ಹೆಜ್ಜೆ ಸಪ್ಪಳ ಇದೆಯೋ ಇಲ್ಲವೋ ಎಂದು ಕಿವಿ ಹಿಂದೆ ಇಟ್ಟುಕೊಂಡೇ ಓಡಬೇಕು. ಹೋದ ವರ್ಷ ಇಪ್ಪತ್ತೇಳು ಕಿಲೋಮೀಟರು ನಾನು ಹಾಗೆ ಓಡಿದೆ. ನಿನಗೂ ಗೊತ್ತಾಗಲಿ.

ಗುಂಡವ್ವ


ಮುದ್ದೇಬಿಹಾಳ
27 ಆಗಸ್ಟ್ 2024

ಎಕ್ಸರೇ ಇದರ ಜೊತೆ ಇದೆ, ಮಡಿಸಬಾರದು ಎಂದು ರಟ್ಟು ಹಾಕಿದ್ದೇನೆ. ನಾನೇ ಮುಂದೆ.

ದಾನಿ


ಲಚ್ಯಾಣ
30 ಸೆಪ್ಟೆಂಬರ್ 2024

ದಾನವ್ವ,

ಊರಿಗೆ ಬಂದು ಏಳು ದಿನವಾಯಿತು. ಕಾಲಿನ ಉಗುರು ಎರಡು ಕಪ್ಪಾಗಿವೆ, ಉಳಿದದ್ದೆಲ್ಲ ಸರಿ. ನಿನ್ನ ಮೊಣಕಾಲಿನ ಬಾವು ಇಳಿಯಿತೇ?

ಈ ಸಲ ಪದಕ ಇಲ್ಲದಿದ್ದರೂ ಜೀಪಿಲ್ಲದೆ ಬಂದೆ ಎಂದು ಅತ್ತೆ ಟಾಕಿಯ ಹತ್ತಿರ ಹೋಗಿ ತಾನೇ ಹೇಳಿ ಬಂದಳು. ಏಳಕ್ಕೆ ಮುಗಿಯುವ ಓಟವನ್ನು ನಾವು ಏಳು ಗಂಟೆ ಏಳು ನಿಮಿಷಕ್ಕೆ ಮುಗಿಸಿದ್ದು, ಅಲ್ಲಿನವರು ಗೆರೆಯ ಹಗ್ಗ ಸುತ್ತುತ್ತಿದ್ದದ್ದು, ಆದರೂ ಚಪ್ಪಾಳೆ ತಟ್ಟಿದ್ದು, ಎಲ್ಲ ಹೇಳಿದ್ದಾಳೆ. ಏಳು ನಿಮಿಷ. ಅದಕ್ಕೇ ಈ ಪತ್ರ.

ಸುನಂದಾ ನಿನ್ನೆ ಬಂದಿದ್ದಳು. ನೀನು, ನನ್ನ ಮೊಣಕಾಲಿನಿಂದಲೇ ತಡವಾಯಿತು, ಗುಂಡವ್ವ ಒಬ್ಬಳೇ ಇದ್ದಿದ್ದರೆ ಒಂದು ತಾಸು ಮೊದಲು ಮುಟ್ಟುತ್ತಿದ್ದಳು ಎಂದು ಸಾಲೆಯಲ್ಲೂ ಓಣಿಯಲ್ಲೂ ಹೇಳುತ್ತಿದ್ದೀಯಂತೆ. ಪ್ರಾರ್ಥನೆಯಲ್ಲಿ ಮಕ್ಕಳೆದುರು ಕೂಡ ಹೇಳಿದಿಯಂತೆ. ಅದು ಖರೆ ಅಲ್ಲ.

ಅದೇ ಬಂಡೆ ಬಂತಲ್ಲ, ಈ ಸಲ ದಾರಿ ಉದ್ದವಾದ್ದರಿಂದ ಅದು ಮೂವತ್ತೆಂಟನೆಯ ಕಿಲೋಮೀಟರು. ಅಲ್ಲಿವರೆಗೆ ನೀನು ಎಷ್ಟು ಸಲ ಹೊರಳಿ ನೋಡಿದಿ ಎಂದು ನಾನು ಎಣಿಸುತ್ತಿದ್ದೆ, ನಲವತ್ತರ ಮೇಲೆ ಬಿಟ್ಟೆ. ನೀನು ಮೇಲಿನ ದಾರಿ ಹತ್ತಿದಿ. ನಾನು ಹತ್ತಲಿಲ್ಲ. ಆಮೇಲೆ ಬಂದು, ಬೂಟಿನೊಳಗೆ ಹರಳು ಸಿಕ್ಕಿತ್ತು, ತೆಗೆಯುತ್ತಿದ್ದೆ ಎಂದು ಹೇಳಿದೆ. ಹರಳು ಇರಲಿಲ್ಲ. ತಿರುವಿನ ಹತ್ತಿರದ ಪೊದೆಯ ಹಿಂದೆ ನಿಂತಿದ್ದೆ.

ಮನೆಯಿಂದ ಹೊರಡುವಾಗ ಈ ವಿಚಾರ ಇರಲಿಲ್ಲ. ಬಂಡೆ ಕಂಡಾಗ ಬಂತು. ನೀನು ಹೊರಳಿ ನೋಡಿದಿ, ನಾನಿಲ್ಲ. “ಗುಂಡೀ” ಎಂದಿ. ಸ್ವಲ್ಪ ನಿಂತು ಬಂಡೆಯ ಮೇಲೆ ಕುಳಿತಿ, ಬಲಗಾಲು ಉದ್ದ ಚಾಚಿ. ಬಳ್ಳಾರಿಯ ಇಬ್ಬರು ಹುಡುಗರು ನಿನ್ನನ್ನು ದಾಟಿದರು, ಟೈಮಾಗುತ್ತದೆ ಏಳಿ ಎಂದರು. ನೀನು ತಲೆ ಅಲ್ಲಾಡಿಸಿದಿ. ಗಡಿಯಾರವನ್ನು ಒಂದು ಸಲವೂ ನೋಡಲಿಲ್ಲ. ಆಗಲೇ ನಾನು ಹೊರಗೆ ಬರಬೇಕಿತ್ತು. ನನ್ನ ಸ್ವಭಾವ ನಿನಗೆ ಗೊತ್ತು. ಈಗ ಏಳಬಹುದು, ಈಗ ಏಳಬಹುದು, ಇನ್ನೊಂದು ನಿಮಿಷ ನೋಡೋಣ ಎಂದು ನಿಂತೆ. ನೀನು ಮತ್ತೊಂದು ಸಲ ಕರೆದಿ. ಹನ್ನೊಂದು ನಿಮಿಷ ಆಗಿತ್ತು. ನೀನು ಏಳಲಿಲ್ಲ.

ಬಂದಾಗ ನೀನು ಬೈಯಲಿಲ್ಲ, ಕೇಳಲಿಲ್ಲ. ಹರಳು ಹೋಯಿತೇ ಎಂದಷ್ಟೇ ಅಂದಿ.

ಹನ್ನೊಂದರಲ್ಲಿ ಏಳು ಹೋದರೆ ನಾಲ್ಕು. ಆರು ಐವತ್ತಾರಕ್ಕೆ ಮುಟ್ಟುತ್ತಿದ್ದೆವು. ನಿನ್ನ ಕೊನೆಯ ಓಟವನ್ನು ನಾನು ಪೊದೆಯ ಹಿಂದೆ ನಿಂತು ಕಳೆದೆ. ಇದನ್ನು ನೀನು ಯಾರಿಗೆ ಹೇಳಿದರೂ ನಡೆಯುತ್ತದೆ. ಮಕ್ಕಳೆದುರು ಹೇಳಿದರೂ ಸರಿ. ಉತ್ತರ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ, ಆದರೆ ಬರೆ.

ಗುಂಡವ್ವ


ಮುದ್ದೇಬಿಹಾಳ
8 ಅಕ್ಟೋಬರ್ 2024

ಗುಂಡಿ,

ಬಾವು ಇಳಿದಿದೆ.

ಆ ಪೊದೆ ನೀನು ತಿಳಿದಷ್ಟು ದಟ್ಟ ಇರಲಿಲ್ಲ. ಸೋಮನಿಂಗಣ್ಣನ ಅಂಗಿಯ ಒಂದು ತೋಳು ಪೂರ್ತಿ ಹೊರಗಿತ್ತು. ಮೊದಲ ಸಲ ಕರೆದಾಗ ನಿಜವಾಗಿ ಹೆದರಿದ್ದೆ. ಕುಳಿತ ಮೇಲೆ ಅಂಗಿ ಕಂಡಿತು. ಎರಡನೆಯ ಸಲ ಕರೆದದ್ದು, ನಾನು ಕಂಡಿದ್ದೇನೆ ಎಂದು ನಿನಗೆ ಗೊತ್ತಾಗಬಾರದು ಎಂದು.

ಹೋದ ವರ್ಷ ಆ ಬಿಳಿ ಅಂಗಿ ಕಂಡೂ ಹೋದೆ. ಈ ವರ್ಷ ಕಂಡೂ ಕುಳಿತೆ, ನಿನಗೆ ಸಾಕು ಎನ್ನಿಸುವವರೆಗೆ. ಗಡಿಯಾರವನ್ನು ಬಂಡೆ ಹತ್ತುವ ಮುಂಚೆಯೇ ಬಿಚ್ಚಿ ಕಿಸೆಯಲ್ಲಿ ಇಟ್ಟಿದ್ದೆ. ಮೊಣಕಾಲು ಎಂದು ಎಲ್ಲರಿಗೂ ಹೇಳಿಯಾಗಿದೆ, ಅದು ಹಾಗೇ ಇರಲಿ. ಮಕ್ಕಳಿಗೆ ಹೇಳುವಾಗ ಕಪಾಟಿನ ಪದಕದ ಕಥೆಯನ್ನೂ ಹೇಳಿದೆ. ಅದು ಸುನಂದಾಗೆ ಇನ್ನೂ ಮುಟ್ಟಿಲ್ಲ ಎಂದು ಕಾಣುತ್ತದೆ. ಪದಕ ಈಗ ಕಪಾಟಿನಲ್ಲಿಲ್ಲ, ನಾನೇ ತೆಗೆದೆ.

ಈಗ ನಿನ್ನ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತು. ಅಂಗಿ ಕಂಡದ್ದಕ್ಕೆ ಕುಳಿತಿದ್ದೆಯೋ, ಕಾಣದಿದ್ದರೂ ಹನ್ನೊಂದು ನಿಮಿಷ ಕುಳಿತಿರುತ್ತಿದ್ದೆಯೋ ಎಂದು. ನಾನೂ ಕಾಲಿಗೆ ಬಿಸಿನೀರು ಹಾಕಿಕೊಳ್ಳುವಾಗಲೆಲ್ಲ ಅದನ್ನೇ ಕೇಳಿಕೊಂಡೆ. ಗೊತ್ತಿಲ್ಲ ಗುಂಡಿ.

ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಹೊರಡುವ ದಿನ ತಿಳಿಸು. ಓಡಲಾಗದಿದ್ದರೂ ನಡೆಯಬಹುದು ಎಂದಿದ್ದಾರೆ ಡಾಕ್ಟರು. ನಾನು ಮುಂದೆ ನಡೆಯುತ್ತೇನೆ, ಹೊರಳಿ ನೋಡುವುದಿಲ್ಲ.

ದಾನಿ